ಜಲಜನಕದ ನೀರೂ ನಮ್ಮೂರ ಜ್ವರವೂ

2024ರ ಜುಲೈ ತಿಂಗಳಿನ ಒಂದು ಭಾನುವಾರ ಹೊಸಪೇಟೆಯ ಕಲ್ಯಾಣಮಂಟಪವೊಂದರಲ್ಲಿ ‘ಆರೋಗ್ಯ ಸಮಾವೇಶ’ವೆಂಬ ಹೆಸರಿನಲ್ಲಿ ಒಂದು ಸಭೆ ನಡೆಯಿತು. ಸಭೆಯ ತರುವಾಯ ಊಟದ ಏರ್ಪಾಡೂ ಇದ್ದುದರಿಂದ ನಾನೂ ಸಂಡೂರಿನ ನನ್ನ ಮಿತ್ರನೊಬ್ಬನೂ ಅವನ ತಂದೆಯವರ ಬೆನ್ನುಹತ್ತಿ ಹೋಗಿದ್ದೆವು. ಕೋಟು ತೊಟ್ಟ ಮಹಾಶಯರೊಬ್ಬರು ವೇದಿಕೆಯ ಮೇಲೆ ಎರಡು ಗಾಜಿನ ಲೋಟಗಳನ್ನಿಟ್ಟು, ಒಂದರಲ್ಲಿ ನಲ್ಲಿಯ ನೀರನ್ನೂ ಇನ್ನೊಂದರಲ್ಲಿ ತಮ್ಮ ಯಂತ್ರ ಶೋಧಿಸಿದ ನೀರನ್ನೂ ತುಂಬಿ, ಎರಡರಲ್ಲಿಯೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ತನ್ನು ಹಾಯಿಸಿದರು. ಎರಡು ನಿಮಿಷ ಕಳೆಯುವುದರೊಳಗೆ ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿ, ಮೇಲೆ ರಾಡಿಯಂತಹ ನೊರೆ ಕಟ್ಟಿತು. ಯಂತ್ರದ ನೀರು ಮಾತ್ರ ಮೊದಲಿದ್ದಂತೆಯೇ ತಿಳಿಯಾಗಿತ್ತು. ‘ನೀವು ದಿನವೂ ಕುಡಿಯುತ್ತಿರುವ ವಿಷ ಇದು’ ಎಂದರು ಅವರು. ಸಭೆಯಲ್ಲಿ ನಿಟ್ಟುಸಿರು ಕೇಳಿಸಿತು. ನನ್ನ ಮಿತ್ರನ ತಂದೆಯವರು ಮೆಲ್ಲಗೆ, ‘ನಮ್ಮ ಹೊಟ್ಟ್ಯಾಗ ಇಷ್ಟು ಕೆಂಪು ಐತಿ ಅಂತ ನನಗ ಮೊದ್ಲ ಗೊತ್ತಿತ್ತು’ ಎಂದರು. ಅದಿರಿನ ಲಾರಿಗಳು ಓಡಾಡುವ ಹಾದಿಯ ಬದಿಯಲ್ಲಿ ಬಾಳಿದವರು, ಬೇವಿನ ಎಲೆಯ ಮೇಲೂ ಒಗೆದು ಹರವಿದ ಪಂಚೆಯ ಮೇಲೂ ಕೆಂಪು ಧೂಳನ್ನು ಕಂಡವರು ಹಾಗೆ ನಂಬಿದರೆ ತಪ್ಪೇನು?

ಆಮೇಲೆ ಜಲಜನಕದ ಮಾತು ಬಂದಿತು. ಶೋಧಿಸಿದ ನೀರಿನಲ್ಲಿ ಜಲಜನಕವನ್ನು ಕರಗಿಸಿ ಕುಡಿದರೆ ಡೆಂಗ್ಯೂ, ಚಿಕೂನ್‌ಗುನ್ಯಾ, ಕೊರೋನಾ ಮೊದಲಾದ ವೈರಸ್ಸಿನ ಕಾಯಿಲೆಗಳೆಲ್ಲಕ್ಕೂ ಅದು ‘ಪೂರಕ ಚಿಕಿತ್ಸೆ’ಯಾಗುತ್ತದಂತೆ. ದೊಡ್ಡ ಯಂತ್ರಕ್ಕೆ ಲಕ್ಷಕ್ಕೂ ಮಿಕ್ಕ ಬೆಲೆ. ಬಡವರಿಗೆಂದು ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಬಾಟಲಿಯೂ ಉಂಟು. ಅದಕ್ಕೆ ಆರು ಸಾವಿರ ರೂಪಾಯಿ. ನಾನು ಅಲ್ಲಿಂದಲೇ ಕಂಪ್ಲಿಯಲ್ಲಿರುವ ನನ್ನ ಸೋದರಮಾವನಿಗೆ ಫೋನು ಮಾಡಿದೆ. ಅವರು ಹಣ ಕಳಿಸಿದರು. ಬಾಟಲಿಯನ್ನು ಮರುದಿನದ ಬಸ್ಸಿನಲ್ಲಿ ಒಯ್ದು ಕೊಟ್ಟವನು ನಾನೇ. ಈ ಲೇಖನವನ್ನು ಬರೆಯಲು ನನಗಿರುವ ಅರ್ಹತೆ ಅದೊಂದೇ. ನಾನು ಇತಿಹಾಸದ ವಿದ್ಯಾರ್ಥಿ, ವಿಜ್ಞಾನವನ್ನು ಪ್ರೌಢಶಾಲೆಯಲ್ಲಿ ಬಿಟ್ಟವನು.

ಕೆಲವು ತಿಂಗಳುಗಳ ನಂತರ ನನ್ನ ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರಿಗೆ ಆ ಲೋಟಗಳ ಕಥೆಯನ್ನು ಹೇಳಿದೆ. ಅವರು ನಕ್ಕು, ಎರಡು ಕಬ್ಬಿಣದ ಮೊಳೆ, ಎರಡು ಪೆನ್ಸಿಲಿನ ಸೀಸ, ಒಂದು ಬ್ಯಾಟರಿ ಇಷ್ಟನ್ನು ತರಿಸಿದರು. ನಲ್ಲಿಯ ನೀರಿನಲ್ಲಿ ಮೊಳೆಗಳನ್ನಿಟ್ಟು ವಿದ್ಯುತ್ತು ಹಾಯಿಸಿದಾಗ ಕಲ್ಯಾಣಮಂಟಪದ ರಾಡಿ ಹಾಗೆಯೇ ಕಾಣಿಸಿಕೊಂಡಿತು. ಅದೇ ನಲ್ಲಿಯ ನೀರನ್ನು ಹೊಸದಾಗಿ ಹಿಡಿದು ಪೆನ್ಸಿಲಿನ ಸೀಸಗಳನ್ನಿಟ್ಟರೆ ಗುಳ್ಳೆಗಳೆದ್ದುವೇ ಹೊರತು ಬಣ್ಣ ಬರಲಿಲ್ಲ. ಇನ್ನು ಶುದ್ಧ ನೀರಿನ ಘಟಕದಿಂದ ತಂದ ನೀರು: ಮೊಳೆಗಳನ್ನಿಟ್ಟರೂ ತಿಳಿಯಾಗಿಯೇ ಇತ್ತು. ಅದಕ್ಕೆ ಒಂದು ಚಿಟಿಕೆ ಅಡಿಗೆಯ ಉಪ್ಪನ್ನು ಹಾಕಿದ್ದೇ ತಡ, ಅದೂ ಕಂದಾಯಿತು. ಕಾರಣ ಸರಳ. ರಾಡಿ ಇದ್ದುದು ನೀರಿನಲ್ಲಲ್ಲ, ಮೊಳೆಯಲ್ಲಿ. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಒಯ್ಯುತ್ತದೆ, ವಿದ್ಯುತ್ತು ಕಬ್ಬಿಣವನ್ನು ಕರಗಿಸುತ್ತದೆ, ಕರಗಿದ ಕಬ್ಬಿಣ ತುಕ್ಕಾಗಿ ತೇಲುತ್ತದೆ. ಉಪ್ಪಿಲ್ಲದ ನೀರು ವಿದ್ಯುತ್ತನ್ನೇ ಒಯ್ಯಲೊಲ್ಲದು. ‘ಮತ್ತೊಂದು ನೋಡಪ್ಪಾ, ಈ ಇನ್ನೊಂದು ಮೊಳೆಯ ಮೈಯಿಂದ ಏಳುತ್ತಿರುವ ಗುಳ್ಳೆಗಳೇ ನಿನ್ನ ಜಲಜನಕ. ನಿನ್ನ ಆರು ಸಾವಿರದ ಬಾಟಲಿಯಲ್ಲಿ ನಡೆಯುವುದೂ ಇದೇ, ಮೊಳೆಯ ಬದಲು ಬೆಲೆಬಾಳುವ ಲೋಹದ ತಗಡಿರುತ್ತದೆ’ ಎಂದರು ಅವರು. ಇದನ್ನು ಕೇಳಿ ನನಗಾದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ಹಾಗಾದರೆ ಜಲಜನಕದ ನೀರೆಂಬುದೆಲ್ಲ ಬರಿಯ ಬುರುಡೆಯೇ? ಹಾಗೆಂದು ಹೇಳಿಬಿಟ್ಟರೆ ನಾನೂ ಆ ಕೋಟಿನ ಮಹಾಶಯರಷ್ಟೇ ಅವಸರದವನಾಗುತ್ತೇನೆ. 2007ರಲ್ಲಿ ಜಪಾನಿನ ಓತಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಮೆದುಳಿಗೆ ರಕ್ತ ತಪ್ಪಿ ಹಾನಿಗೊಂಡ ಇಲಿಗಳಿಗೆ ಜಲಜನಕವನ್ನು ಉಸಿರಾಡಿಸಿದರೆ ಹಾನಿ ಕಡಿಮೆಯಾಗುತ್ತದೆಂದೂ, ದೇಹದಲ್ಲಿ ಹುಟ್ಟುವ ಅತ್ಯಂತ ಉಗ್ರವಾದ ಆಮ್ಲಜನಕದ ಕಣಗಳನ್ನು ಮಾತ್ರ ಆರಿಸಿ ಅದು ತಣಿಸುತ್ತದೆಂದೂ ಅವರು ಕಂಡರು. ಇದು ಗೌರವದ ಸಂಶೋಧನೆ. ಇದರ ಬೆನ್ನಿಗೆ ನೂರಾರು ಪ್ರಬಂಧಗಳು ಬಂದಿವೆ. ವೈರಸ್ಸಿನ ಕಾಯಿಲೆಯ ಮೇಲೂ ಒಂದು ಪ್ರಯೋಗ ನಡೆದಿದೆ. 2013ರಲ್ಲಿ ಪ್ರಕಟವಾದ ಅದರಲ್ಲಿ, ದೀರ್ಘಕಾಲದ ಹೆಪಟೈಟಿಸ್ ಬಿ ಕಾಯಿಲೆಯಿಂದ ನರಳುತ್ತಿದ್ದ 60 ಮಂದಿ ಚೀನೀಯರಲ್ಲಿ ಕೆಲವರಿಗೆ ಎಂದಿನ ಚಿಕಿತ್ಸೆಯ ಜೊತೆಗೆ 6 ವಾರ ಜಲಜನಕದ ನೀರನ್ನೂ ಕುಡಿಸಿದರು. ರಕ್ತದಲ್ಲಿ ಆ ಉಗ್ರ ಕಣಗಳ ಕಾಟ ತಗ್ಗಿದುದು ನಿಜ. ಆದರೆ ರೋಗಿಗೆ ಬೇಕಾದುದು ಯಕೃತ್ತಿನ ಚೇತರಿಕೆ, ವೈರಸ್ಸಿನ ಇಳಿತ. ಅದನ್ನು ಸ್ಥಿರಪಡಿಸಲು ಇನ್ನೂ ದೀರ್ಘವಾದ ಪರೀಕ್ಷೆ ಬೇಕೆಂದು ಆ ಲೇಖಕರೇ ಬರೆದರು. 2020ರಲ್ಲಿ ಚೀನಾ ಸರ್ಕಾರದ ಕೊರೋನಾ ಚಿಕಿತ್ಸಾ ಕ್ರಮದಲ್ಲಿ ಜಲಜನಕದ ಹೆಸರು ಬಂದುದೂ ಉಂಟು. ಅದು ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಬೆರೆಸಿ ಆಸ್ಪತ್ರೆಯಲ್ಲಿ ಉಸಿರಾಡಿಸುವ ಅನಿಲ, ಲೋಟದ ನೀರಲ್ಲ. ಕಲ್ಯಾಣಮಂಟಪದಲ್ಲಿ ಈ ಎರಡರ ನಡುವಣ ಅಂತರವನ್ನು ಯಾರೂ ಹೇಳಲಿಲ್ಲ.

ಅಳತೆಯ ಮಾತೊಂದಿದೆ. ಸಾಧಾರಣ ಉಷ್ಣತೆ ಒತ್ತಡಗಳಲ್ಲಿ 1 ಲೀಟರ್ ನೀರು ಹೊರಬಲ್ಲ ಜಲಜನಕ ಸುಮಾರು 1.6 ಮಿಲಿಗ್ರಾಂ, ಅನಿಲವಾಗಿ ಅಳೆದರೆ ಸುಮಾರು 20 ಮಿಲಿಲೀಟರ್, ಅಂದರೆ ನಾಲ್ಕು ಚಮಚದಷ್ಟು. ಮುಚ್ಚಳ ತೆರೆದಿಟ್ಟರೆ ಅದೂ ಹಾರಿಹೋಗುತ್ತದೆ, ಏಕೆಂದರೆ ಲೋಕದಲ್ಲಿ ಅದಕ್ಕಿಂತ ಚಿಕ್ಕ ಅಣುವಿಲ್ಲ. ಇತ್ತ ನಮ್ಮ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ಅರಗದೆ ಉಳಿದ ಧಾನ್ಯದಿಂದ ಜಲಜನಕವನ್ನು ತಾವೇ ತಯಾರಿಸುತ್ತವೆ. ಹಾಲು ಅರಗದವರನ್ನು ಪತ್ತೆಹಚ್ಚಲು ವೈದ್ಯರು ಉಸಿರಿನಲ್ಲಿರುವ ಜಲಜನಕವನ್ನು ಅಳೆಯುವುದೂ ಇದರಿಂದಲೇ. ಒಂದು ಬಟ್ಟಲು ಹುರುಳಿ ಉಸುಳಿ ತಿಂದವನ ಹೊಟ್ಟೆಯಲ್ಲಿ ಆ ನಾಲ್ಕು ಚಮಚಕ್ಕಿಂತ ಹೆಚ್ಚಿನ ಜಲಜನಕ ಹುಟ್ಟುತ್ತದೆಂದಮೇಲೆ ನಮ್ಮ ಹಾಸ್ಟೆಲಿನ ಊಟದ ಬಗೆಗೆ ದೂರುವವರು ಒಮ್ಮೆ ಯೋಚಿಸಬೇಕು!

ಹಾಸ್ಯ ಇಲ್ಲಿಗೆ ಸಾಕು. ಕಂಪ್ಲಿಯ ಸಂಗತಿಗೆ ಬರುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದುದನ್ನು ಓದುಗರು ಮರೆತಿರಲಾರರು. ಆ ವಾರವೆಲ್ಲ ಕಂಪ್ಲಿಯ ಜನ ಹೊಳೆಯ ಕಡೆಗೇ ಕಣ್ಣಿಟ್ಟಿದ್ದರು. ಸೇತುವೆ ಮುಳುಗೀತೇ, ಬಾಳೆತೋಟಕ್ಕೆ ನೀರು ನುಗ್ಗೀತೇ ಎಂಬುದೇ ಮಾತು. ನಮ್ಮ ಮಾವನ ಮನೆಯ ಹಿತ್ತಿಲಲ್ಲಿ ಮುಚ್ಚಳವಿಲ್ಲದ ಒಂದು ಡ್ರಮ್ಮಿತ್ತು. ನಲ್ಲಿಯ ನೀರು ಬಂದ ದಿನ ತುಂಬಿಟ್ಟು ನಾಲ್ಕಾರು ದಿನ ಬಳಸುವುದು ಅವರ ರೂಢಿ. ಡೆಂಗ್ಯೂವಿನ ಸೊಳ್ಳೆ ಹೊಳೆಯಲ್ಲಿ ಬೆಳೆಯುವುದಿಲ್ಲ, ಕಂಪ್ಲಿಯ ಸುತ್ತಣ ಭತ್ತದ ಗದ್ದೆಗಳಲ್ಲಿಯೂ ಅಷ್ಟಾಗಿ ಬೆಳೆಯುವುದಿಲ್ಲ. ಗದ್ದೆಯದು ಬೇರೆ ಜಾತಿ, ಅದು ತರುವುದು ಮೆದುಳು ಜ್ವರ. ಡೆಂಗ್ಯೂವಿನ ಸೊಳ್ಳೆಗೆ ಬೇಕಾದುದು ಮನೆಯೊಳಗಿನ ತಿಳಿನೀರು. ಅದು ಹಗಲಿನಲ್ಲಿ ಕಚ್ಚುತ್ತದೆ. ಅದರ ಮೊಟ್ಟೆಗಳು ಒಣಗಿದ ಡ್ರಮ್ಮಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಒಡೆಯುತ್ತವೆ. ಊರೆಲ್ಲ ಹೊಳೆಯ ನೀರಿಗೆ ಹೆದರಿದ್ದಾಗ ನಮ್ಮ ಮನೆಯ ಅಪಾಯ ಹಿತ್ತಿಲಲ್ಲಿ ತಣ್ಣಗೆ ಕುಳಿತಿತ್ತು.

ಮಾವನ ಮಗನಿಗೆ ಆಗ ಹದಿನಾಲ್ಕು ವರ್ಷ. ಜ್ವರ ಬಂದ ಎರಡನೆಯ ದಿನ ರಕ್ತಪರೀಕ್ಷೆಯಲ್ಲಿ ಡೆಂಗ್ಯೂ ಎಂದು ತಿಳಿಯಿತು. ನೀರು ಚೆನ್ನಾಗಿ ಕುಡಿಸಿರೆಂದೂ ನಾಳೆ ಮತ್ತೆ ಕರೆತನ್ನಿರೆಂದೂ ವೈದ್ಯರು ಹೇಳಿ ಕಳಿಸಿದರು. ಮನೆಯಲ್ಲಿ ಜಲಜನಕದ ಬಾಟಲಿ ಇತ್ತಲ್ಲ! ಗಂಟೆಗೊಮ್ಮೆ ಗುಂಡಿಯೊತ್ತಿ, ನೀಲಿ ದೀಪ ಹತ್ತಿಸಿ, ಮೂರು ಮೂರು ನಿಮಿಷ ಕಾಯಿಸಿ ಹುಡುಗನಿಗೆ ಕುಡಿಸಿದರು. ಮರುದಿನ ಆಸ್ಪತ್ರೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಅಂದು ಶನಿವಾರ, ನಾನು ಹೋದಾಗ ಅತ್ತೆಯವರು ದೇವರಿಗೆ ದೀಪ ಹಚ್ಚುತ್ತಿದ್ದರು. ‘ನಿನ್ನ ನೀರು ಕೆಲಸ ಮಾಡ್ತು ನೋಡು’ ಎಂದರು ಮಾವ. ‘ನಾನು ಹೇಳಲಿಲ್ಲವೇ’ ಎಂದೆ ನಾನು. ಈ ಎರಡು ಪದಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹುಡುಗ ಗೋಡೆಯ ಕಡೆಗೆ ಮುಖಮಾಡಿ ಮಲಗಿದ್ದ. ಹೊಟ್ಟೆನೋವೆನ್ನುತ್ತಿದ್ದ, ಎರಡು ಸಾರಿ ವಾಂತಿಯಾಗಿತ್ತು. ಜ್ವರ ಇಳಿದ ಆಯಾಸವೆಂದು ನಾವೆಲ್ಲ ತಿಳಿದೆವು.

ಬೀದಿಯ ಆಶಾ ಕಾರ್ಯಕರ್ತೆ ಡ್ರಮ್ಮುಗಳನ್ನು ನೋಡಲು ಬಂದವರು ಹುಡುಗನ ಕೈ ಮುಟ್ಟಿ ನೋಡಿದರು. ಕೈ ತಣ್ಣಗಿತ್ತು. ಅವರು ಬಾಟಲಿಯ ಸುದ್ದಿಯನ್ನೇ ಎತ್ತಲಿಲ್ಲ. ‘ಆಟೋ ಕರೀರಿ’ ಎಂದಷ್ಟೇ ಹೇಳಿದರು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ಪು ಹಾಕಿ, ಗಂಟೆಗಂಟೆಗೆ ನಾಡಿ, ರಕ್ತದೊತ್ತಡ, ರಕ್ತದ ಗಟ್ಟಿತನಗಳನ್ನು ನೋಡಿದರು. ಹುಡುಗ ಉಳಿದ. ಅಲ್ಲಿನ ತರುಣ ವೈದ್ಯೆ ನಮ್ಮನ್ನು ಬೈಯಲಿಲ್ಲ. ಡೆಂಗ್ಯೂವಿನಲ್ಲಿ ಜ್ವರ ಬಿಡುವ ಹೊತ್ತೇ ಅಪಾಯದ ಹೊತ್ತು, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದ ಒಳಗೆ ಬರುತ್ತದೆ, ಆಗ ರಕ್ತದ ನೀರಿನಂಶ ನಾಳಗಳಿಂದ ಹೊರಕ್ಕೆ ಸೋರುತ್ತದೆ, ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿರಬಾರದು ಎಂದು ಹೇಳಿದರು. ಇದನ್ನು ಆ ಮೊದಲೇ ತಿಳಿದಿದ್ದರೆ ಶನಿವಾರ ಬೆಳಿಗ್ಗೆ ಹೂವಿನ ಬದಲು ಆಟೋ ತರುತ್ತಿದ್ದೆ.

ಈಗ ಓದುಗರು ಕೇಳಬಹುದು: ಬಾಟಲಿಯ ನೀರು ಹುಡುಗನಿಗೆ ಕೇಡು ಮಾಡಿತೇ? ಇಲ್ಲ, ಅದು ಬರಿಯ ನೀರು. ಕೇಡು ಮಾಡಿದುದು ಅದರೊಡನೆ ಮಾರಾಟವಾದ ನೆಮ್ಮದಿ. ‘ಪೂರಕ’ ಎಂಬ ಮಾತಿನ ಚಮತ್ಕಾರವನ್ನು ಗಮನಿಸಿರಿ. ಡೆಂಗ್ಯೂ ಬಂದವರಲ್ಲಿ ಬಹುಮಂದಿ ವಾರದೊಳಗೆ ತಾವಾಗಿಯೇ ಗುಣವಾಗುತ್ತಾರೆ. ಗುಣವಾದವನ ಪುಣ್ಯವೆಲ್ಲ ಬಾಟಲಿಗೆ ಸಲ್ಲುತ್ತದೆ. ಗುಣವಾಗದಿದ್ದರೆ, ‘ನಾವು ಪೂರಕವೆಂದು ಮಾತ್ರ ಹೇಳಿದ್ದೆವು, ವೈದ್ಯರ ಬಳಿಗೆ ಹೋಗಬೇಡಿರೆಂದು ಹೇಳಿದ್ದೆವೇ?’ ಎನ್ನಬಹುದು. ಎರಡೂ ಕಡೆಯಲ್ಲಿ ಸೋಲಿಲ್ಲದ ಇಂತಹ ಜೂಜು ಬೇರೊಂದಿಲ್ಲ. ಇದೇ ಕಾರಣಕ್ಕೆ, ಒಂದು ಮದ್ದಿನ ಗುಣವನ್ನು ತಿಳಿಯಲು ಅದನ್ನು ಕುಡಿದವರನ್ನಷ್ಟೇ ಅಲ್ಲ, ಕುಡಿಯದವರನ್ನೂ ಎಣಿಸಬೇಕು. ಆ ಭಾನುವಾರ ವೇದಿಕೆಯ ಮೇಲೆ ಕುಡಿದು ಗುಣವಾದ ಐವರು ಮಾತನಾಡಿದರು. ಕುಡಿಯದೆ ಗುಣವಾದ ಸಾವಿರಾರು ಜನರಿಗೆ ಅಲ್ಲಿ ಕುರ್ಚಿಯಿರಲಿಲ್ಲ.

ನನ್ನ ದೂರಿನ ತಿರುಳು ಬೇರೆಯೇ ಇದೆ. ಜ್ವರದಲ್ಲಿ ನೀರೇ ಔಷಧವೆಂಬುದು ಸುಳ್ಳಲ್ಲ, ಅದು ದೊಡ್ಡ ನಿಜ. ಆ ನಿಜದ ಮೇಲೆ ನಾಲ್ಕು ಚಮಚ ಅನಿಲವನ್ನು ಊದಿ ಅದನ್ನು ತಮ್ಮ ಸರಕನ್ನಾಗಿ ಮಾಡಿಕೊಂಡಿದ್ದಾರೆ. ಡೆಂಗ್ಯೂವಿನ ವೈರಸ್ಸನ್ನು ಕೊಲ್ಲತಕ್ಕ ಔಷಧವಾಗಿ ವೈದ್ಯರ ಕೈಯಲ್ಲಿ ಏನೂ ಇಲ್ಲ. ಇರುವುದು ದ್ರವ, ಜ್ವರಕ್ಕೆ ಪ್ಯಾರಸಿಟಮಾಲು, ಮತ್ತು ಎಚ್ಚರದ ಕಾವಲು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುವುದರಿಂದ ಕೂಡದು. 2003ರಲ್ಲಿ ಪ್ರಕಟವಾದ ನಿಕರಾಗುವಾ ದೇಶದ ಅಧ್ಯಯನವೊಂದರಲ್ಲಿ, ವೈದ್ಯರಲ್ಲಿಗೆ ಬರುವ ಮುಂಚಿನ 24 ಗಂಟೆಗಳಲ್ಲಿ ದ್ರವಗಳನ್ನು ಚೆನ್ನಾಗಿ ಕುಡಿದಿದ್ದ ಡೆಂಗ್ಯೂ ರೋಗಿಗಳು ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದುದು ಕಡಿಮೆಯೆಂದು ಕಂಡುಬಂದಿತು. ಅದೂ ಬರಿಯ ನೀರಲ್ಲ. ವಾಂತಿಯಲ್ಲಿ ಉಪ್ಪೂ ಹೋಗುವುದರಿಂದ ಮಜ್ಜಿಗೆ, ಗಂಜಿ, ಎಳನೀರು, ಓಆರ್‌ಎಸ್ ದ್ರಾವಣ ಇವೇ ಮೇಲು. ಬಾಟಲಿಯ ಜಲಜನಕದ ನೀರು ಶೋಧಿಸಿ ಉಪ್ಪು ತೆಗೆದ ನೀರು. ಅದನ್ನೊಂದನ್ನೇ ಕುಡಿಸಿದ್ದು ನಮ್ಮ ಎರಡನೆಯ ತಪ್ಪು.

ಓಆರ್‌ಎಸ್ಸಿನ ಚರಿತ್ರೆಯನ್ನು ನಾವು ಇತಿಹಾಸದ ತರಗತಿಯಲ್ಲಿ ಓದಬೇಕಿತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆ ಕಾಲಿಡಲು ಜಾಗವಿಲ್ಲ, ಡ್ರಿಪ್ಪಿನ ದ್ರಾವಣ ಮುಗಿಯುತ್ತ ಬಂದಿತು. ಡಾ. ದಿಲೀಪ್ ಮಹಲನಬೀಸರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕಲಸಿ, ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಮಂದಿಯ ಕೈಯಿಂದಲೇ ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪನ್ನು ಕೈಹಿಡಿದು ಒಯ್ಯುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ; ರಹಸ್ಯವಿಷ್ಟೇ. ಕಾಲರಾ ವೈರಸ್ಸಿನ ಕಾಯಿಲೆಯಲ್ಲ, ನಿಜ. ಆದರೆ ರೋಟಾವೈರಸ್ಸಿನ ಭೇದಿಯಿಂದ ಮಕ್ಕಳನ್ನು ಉಳಿಸುವುದೂ ಇದೇ ಪುಡಿ. ಮಹಲನಬೀಸರು 2022ರಲ್ಲಿ ತೀರಿಕೊಂಡರು. ಮರುವರ್ಷ ಸರ್ಕಾರ ಅವರಿಗೆ ಪದ್ಮವಿಭೂಷಣವನ್ನಿತ್ತಿತು. ಅವರು ಅದರ ಮೇಲೆ ಯಾವ ಹಕ್ಕನ್ನೂ ಪಡೆಯಲಿಲ್ಲ. ಈ ಪುಡಿಗೂ ಮೋಸದ ಕಾಟ ತಪ್ಪಲಿಲ್ಲವೆನ್ನಿ. ಸಕ್ಕರೆಯ ಪಾನಕಕ್ಕೆ ಓಆರ್‌ಎಸ್ ಎಂದು ಹೆಸರಿಟ್ಟು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರಿನಲ್ಲಿ ನಿಷೇಧಿಸಬೇಕಾಯಿತು.

ನಾವು ವಾಸಿಸುವುದು ಎಂತಹ ನೆಲದಲ್ಲಿ! ಹಂಪಿಗೆ ಬಂದ ಯಾತ್ರಿಕರಿಗೆ ನಾವು ರಾಜಾಂಗಣದ ಕಲ್ಲಿನ ಮೇಲ್ಗಾಲುವೆಯನ್ನು ತೋರಿಸುತ್ತೇವೆ. ಕಾಲುವೆಯ ಬದಿಯಲ್ಲಿ ಕಲ್ಲಿನ ತಟ್ಟೆಗಳನ್ನು ಕೆತ್ತಿ ಊಟಕ್ಕೆ ಕೂತವರ ಕೈಯಳವಿಗೆ ನೀರು ಹರಿಸಿದ್ದರೆಂದು ಹೆಮ್ಮೆಪಡುತ್ತೇವೆ. ತುರ್ತು ಕಾಲುವೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ನಮ್ಮ ಕಣ್ಣೆದುರಿಗಿದೆ. ಇಷ್ಟಿದ್ದೂ ದಿನವೂ ನಲ್ಲಿಯಲ್ಲಿ ನೀರು ಬರುತ್ತದೆಂಬ ಭರವಸೆಯಿಲ್ಲದ ಮನೆಗಳು ಡ್ರಮ್ಮು ತುಂಬಿಡುತ್ತವೆ, ತುಂಬಿಟ್ಟ ಡ್ರಮ್ಮು ಸೊಳ್ಳೆಯನ್ನು ಸಾಕುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಗೊಟ್ಟವರಿಗೆ ದಂಡವನ್ನು ಗೊತ್ತುಪಡಿಸಿತು. ದಂಡ ಹಾಕಲಿ, ಬೇಡವೆನ್ನುವುದಿಲ್ಲ; ಆದರೆ ನೀರನ್ನು ದಿನವೂ ಬಿಟ್ಟರೆ ಡ್ರಮ್ಮಿನ ಅಗತ್ಯವೇ ಬೀಳದು. ಜಲಜನಕದ ಯಂತ್ರಕ್ಕೆ ತೆತ್ತ ಲಕ್ಷ ರೂಪಾಯಿಯಲ್ಲಿ ಒಂದು ಬೀದಿಯ ಡ್ರಮ್ಮುಗಳಿಗೆಲ್ಲ ಮುಚ್ಚಳ ಮಾಡಿಸಬಹುದು. ನನ್ನ ಮಿತ್ರನ ತಂದೆಯವರು ಯಂತ್ರವನ್ನು ಕಂತಿನಲ್ಲಿ ಕೊಂಡರು. ಕಂತು ಇನ್ನೂ ಮುಗಿದಿಲ್ಲ. ಮೊಳೆಯ ಪ್ರಯೋಗವನ್ನು ಅವರ ಮನೆಯಲ್ಲಿ ಮಾಡಿ ತೋರಿಸಬೇಕೆಂದು ನಾನು ಎರಡು ಸಾರಿ ಹೊರಟು, ಎರಡು ಸಾರಿಯೂ ಧೈರ್ಯ ಸಾಲದೆ ಚಹಾ ಕುಡಿದು ಬಂದಿದ್ದೇನೆ.

ನಮ್ಮ ಕಾಲೇಜಿನಲ್ಲಿ ಒಂದು ಕೆಲಸವಾಗಬೇಕೆಂದು ನನ್ನ ಬಿನ್ನಹ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಆ ಮೊಳೆ, ಪೆನ್ಸಿಲು, ಬ್ಯಾಟರಿಗಳ ಪ್ರಯೋಗವನ್ನು ಹಳ್ಳಿಯ ಚಾವಡಿಯಲ್ಲಿ ಮಾಡಿ ತೋರಿಸೋಣ. ಖರ್ಚು ನೂರು ರೂಪಾಯಿ ಮೀರದು. ಕಲಾ ವಿಭಾಗದವರಿಗೆ ವಿಜ್ಞಾನವೇಕೆಂದು ಗುರುಗಳು ಕೇಳಲಾರರೆಂದು ನಂಬಿದ್ದೇನೆ. ಹಾಸ್ಟೆಲಿನ ಮಾಳಿಗೆಯ ಮೇಲಿರುವ ತೊಟ್ಟಿಗೆ ಮುಚ್ಚಳವಿದೆಯೇ ಎಂದು ನೋಡಲು ಯಾವ ಶಾಸ್ತ್ರದ ಪದವಿಯೂ ಬೇಡ. (ನಾನು ನೋಡಿದೆ, ಇಲ್ಲ.)

ಕಂಪ್ಲಿಯ ಬಾಟಲಿ ಏನಾಯಿತೆಂದು ಕೆಲವರು ಕೇಳಿದ್ದಾರೆ. ಅದರ ದೀಪ ಆರು ತಿಂಗಳಿನಲ್ಲಿ ಆರಿಹೋಯಿತು. ಆದರೆ ಓಆರ್‌ಎಸ್ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರಿಗೇ ಕಲಸಬೇಕು. ಲೋಟಕ್ಕೊಂದು ಪೊಟ್ಟಣ ಸುರಿದರೆ ಉಪ್ಪು ಹೆಚ್ಚಿ ಕೇಡಾಗುತ್ತದೆ. ಪೊಟ್ಟಣವಿಲ್ಲದಿದ್ದರೆ ಅದೇ ಒಂದು ಲೀಟರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಅತ್ತೆಯವರ ಮನೆಯಲ್ಲಿ ಲೀಟರಿನ ಅಳತೆ ಬೇರೆ ಇರಲಿಲ್ಲ. ಬಾಟಲಿಯ ಮೈಮೇಲೆ 250 ಮಿಲಿಲೀಟರಿನ ಗೆರೆಯಿದೆ. ಅವರು ಅದರಲ್ಲಿ ನಾಲ್ಕು ಸಾರಿ ಕಾಯಿಸಿ ಆರಿಸಿದ ನೀರನ್ನು ಅಳೆದು ಹಾಕುತ್ತಾರೆ.